ವಿರಾಮದ ಧಾತು

ಸಂಸ್ಕೃತ ವ್ಯಾಕರಣವನ್ನು ಓದಿದವರಿಗೆ ಒಂದು ಚಿಕ್ಕ ಆಶ್ಚರ್ಯ ಒದಗುವುದುಂಟು. ವಿರಾಮವೆಂಬ ಮಾತನ್ನು ಬಿಡಿಸಿ ನೋಡಿದರೆ ಅದರೊಳಗೆ ಕುಳಿತಿರುವುದು ‘ರಮ್’ ಎಂಬ ಧಾತು. ಆ ಧಾತುವಿಗೆ ವೈಯಾಕರಣರು ಹೇಳಿರುವ ಅರ್ಥ ಕ್ರೀಡೆ. ‘ವಿ’ ಎಂಬ ಉಪಸರ್ಗ ಸೇರಿದೊಡನೆ ಅದು ನಿಲ್ಲುವುದೆಂದಾಗುತ್ತದೆ. ಆಡುವುದೂ ಬಿಡುವಾಗಿರುವುದೂ ಹೀಗೆ ಒಂದೇ ಬೇರಿನ ಕವಲುಗಳು. ನಮ್ಮ ಗೃಹಸ್ಥರಾದರೋ ಎರಡನ್ನೂ ಮನೆಯಿಂದ ಹೊರಗಿಟ್ಟಿದ್ದಾರೆ. ವಿರಾಮವೆಂದರೆ ಸೋಮಾರಿತನ, ಆಟವೆಂದರೆ ಬಹುಮಾನ ತರಬೇಕಾದ ಮತ್ತೊಂದು ದುಡಿಮೆ.

ಈ ವಿಚಾರವನ್ನು ನಮ್ಮ ನೆನಪಿಗೆ ತಂದದ್ದು ಇಂಗ್ಲೆಂಡಿನ ಒಂದು ಕಾಲುವೆ. ಅಲ್ಲಿರುವ ಮಗಳ ಮನೆಗೆ ಹೋಗಿದ್ದಾಗ, ಅಳಿಯಂದಿರು ದೋಣಿಯೊಂದನ್ನು ಬಾಡಿಗೆಗೆ ಹಿಡಿದು, ನಾಲ್ಕು ದಿನ ನಮ್ಮನ್ನು ಕೆನೆಟ್-ಏವನ್ ಕಾಲುವೆಯಲ್ಲಿ ಕರೆದೊಯ್ದರು. ರೆಡಿಂಗ್ ಊರಿನಿಂದ ಬ್ರಿಸ್ಟಲ್‌ವರೆಗೆ, ನದಿಗಳ ಭಾಗವೂ ಸೇರಿ, ಇದರ ಉದ್ದ 87 ಮೈಲಿ. 1810ರಲ್ಲಿ ಪೂರ್ತಿಯಾದದ್ದು. ದೋಣಿಯ ವೇಗ ಗಂಟೆಗೆ 4 ಮೈಲಿಯನ್ನು ಮೀರಕೂಡದೆಂದು ಕಟ್ಟಳೆ. ದಡಕ್ಕೆ ಕಟ್ಟಿದ ದೋಣಿಗಳ ಪಕ್ಕದಲ್ಲಿ ಹಾಯುವಾಗ ಅಷ್ಟೂ ಸಲ್ಲದು. ಅಲೆಯೆದ್ದರೆ ಅವರ ಒಲೆಯ ಮೇಲಿನ ಪಾತ್ರೆ ಅಲುಗೀತು. ಹಿಂದೆ ಕುದುರೆಗಳು ದೋಣಿಯೆಳೆಯುತ್ತಿದ್ದ ದಡದ ಹಾದಿಯಲ್ಲಿ ಮುದುಕರೊಬ್ಬರು ನಾಯಿಯೊಡನೆ ನಡೆದು ನಮ್ಮನ್ನು ಹಿಂದೆ ಹಾಕಿದರು.

ಮೊಮ್ಮಗನಿಗೆ ಅವಮಾನವಾದಂತಾಯಿತು. “ತಾತ, ಇಳಿದು ನಡೆದರೆ ಇದಕ್ಕಿಂತ ಬೇಗ ಹೋಗಬಹುದಲ್ಲ?” ಎಂದ.

“ಹೋಗಬಹುದಪ್ಪ. ಬೇಗ ಹೋಗಿ ಮಾಡುವುದೇನು?” ಎಂದೆವು.

ಅವನು ಸುಮ್ಮನಾದ. ಆ ಪ್ರಶ್ನೆ ದೊಡ್ಡವರಿಗೂ ಅಷ್ಟು ಸುಲಭವಾದುದಲ್ಲ.

ನೆಲ ಏರಿದೆಡೆಯಲ್ಲಿ ದೋಣಿಯನ್ನು ಏರಿಸುವುದಕ್ಕೆ ‘ಲಾಕು’ ಎಂಬ ಕಟ್ಟಡಗಳಿವೆ. ಎರಡು ತುದಿಗೂ ದಪ್ಪ ಕದಗಳಿರುವ ಉದ್ದನೆಯ ತೊಟ್ಟಿಯೆಂದು ಊಹಿಸಿಕೊಳ್ಳಬಹುದು. ದೋಣಿ ಒಳಹೊಕ್ಕ ಮೇಲೆ ಹಿಂದಿನ ಕದವನ್ನು ಮುಚ್ಚಿ ಮೇಲ್ಗಡೆಯ ತೂಬನ್ನು ಎತ್ತಿದರೆ ನೀರು ತುಂಬುತ್ತದೆ, ದೋಣಿ ತಾನಾಗಿ ಮೇಲೇಳುತ್ತದೆ. ಒಳಗಿನ ನೀರೂ ಹೊರಗಿನ ನೀರೂ ಸಮವಾಗುವ ತನಕ ಮುಂದಿನ ಕದ ಎಷ್ಟು ನೂಕಿದರೂ ಜಗ್ಗದು. ಸಮವಾಯಿತೋ, ಒಬ್ಬರೇ ಬೆನ್ನುಕೊಟ್ಟು ತೆರೆಯಬಹುದು. ಡಿವೈಜಸ್ ಊರಿನ ಬಳಿಯ ಕೇನ್ ಹಿಲ್ ಎಂಬಲ್ಲಿ ಎರಡು ಮೈಲಿಯೊಳಗೆ ಇಂಥ 29 ಲಾಕುಗಳು. ಒಟ್ಟು ಏರಿಕೆ 237 ಅಡಿ. ನಮಗೆ ಒಂದು ಹಗಲು ಪೂರ್ತಿ ಹಿಡಿಯಿತು. ಎರಡು ದೋಣಿಗಳು ಜೊತೆಯಾಗಿ ಹೊಕ್ಕರೆ ನೀರು ಉಳಿಯುತ್ತದೆಂದು ಅಪರಿಚಿತರ ದೋಣಿಯೊಂದು ನಮ್ಮ ಮಗ್ಗುಲಿಗೆ ಬಂದಿತು. ತೊಟ್ಟಿ ತುಂಬುವ ಹೊತ್ತಿನಲ್ಲಿ ಮಾಡತಕ್ಕದ್ದೇನೂ ಇಲ್ಲವಷ್ಟೆ. ಪರಸ್ಪರ ಊರು ಕೇರಿಗಳನ್ನು ವಿಚಾರಿಸಿಕೊಂಡೆವು. ನಮ್ಮ ಮನೆಯವರು ಮಾಡಿದ ಉಪ್ಪಿಟ್ಟು ಅತ್ತ ಹೋಯಿತು, ಅವರ ತೋಟದ ಸೇಬು ಇತ್ತ ಬಂದಿತು.

ಆದರೆ ಈ ಕಾಲುವೆಗಳು ವಿಹಾರಕ್ಕಾಗಿ ಹುಟ್ಟಿದವಲ್ಲ. 19ನೆಯ ಶತಮಾನದಲ್ಲಿ ಇಂಗ್ಲೆಂಡಿನ ಎಷ್ಟೋ ಸರಕುದೋಣಿಗಳಲ್ಲಿ ಇಡೀ ಸಂಸಾರಗಳು ಬಾಳಿದವು. ಸಣ್ಣ ದೋಣಿಯ ಅಗಲ 7 ಅಡಿ. ಅಡಿಗೆ, ನಿದ್ರೆ, ಬಾಣಂತನ ಎಲ್ಲವೂ ಹಿಂಬದಿಯ ಒಂದೇ ಕಿರುಕೋಣೆಯಲ್ಲಿ. ಊರೂರು ತಿರುಗುವ ಆ ಮಕ್ಕಳಿಗೆ ಪಾಠಶಾಲೆ ದೊರೆಯದೆ, 1877ರಲ್ಲಿಯೂ 1884ರಲ್ಲಿಯೂ ದೋಣಿಮನೆಗಳ ಬಗ್ಗೆ ಕಾನೂನುಗಳನ್ನೇ ಮಾಡಬೇಕಾಯಿತು. ಇಂದು ನಾವು ನಾಲ್ಕು ದಿನ ಸುಖವೆಂದು ಬಗೆಯುವುದು ಅವರಿಗೆ ಜನ್ಮವಿಡೀ ದುಡಿಮೆ. ಆದರೂ ಅವರು ನೀರಿನ ಪಾತ್ರೆಗಳ ಮೇಲೆ, ಕೋಣೆಯ ಬಾಗಿಲುಗಳ ಮೇಲೆ ಗುಲಾಬಿ ಹೂವುಗಳನ್ನೂ ಕೋಟೆಗಳನ್ನೂ ಬಣ್ಣದಲ್ಲಿ ಬರೆಯಿಸಿಕೊಂಡರು. ಬಿಡುವಿಲ್ಲದ ಬಾಳಿನಲ್ಲಿಯೂ ರಮಿಸುವ ಮನಸ್ಸು ಬತ್ತಿರಲಿಲ್ಲ.

ಇದೇ ನೀರಿನ ಮೇಲೆ ಅವಸರದ ಆಟವೂ ನಡೆಯುತ್ತದೆ. 1948ರ ಈಸ್ಟರ್ ಹಬ್ಬದಲ್ಲಿ ಡಿವೈಜಸ್‌ನ ಸ್ಕೌಟ್ ತರುಣರು ನೀರಿನ ಮೇಲೆಯೇ ಲಂಡನ್ನಿನ ವೆಸ್ಟ್‌ಮಿನ್‌ಸ್ಟರನ್ನು 100 ಗಂಟೆಯೊಳಗೆ ಮುಟ್ಟುವ ಪಂತಕ್ಕೆ ಹೊರಟು ಗೆದ್ದರು. ಅದರಿಂದ ಒಂದು ವಾರ್ಷಿಕ ಪಂದ್ಯವೇ ಹುಟ್ಟಿತು. ದೂರ 125 ಮೈಲಿ. ರೆಡಿಂಗ್‌ವರೆಗೆ ಕಾಲುವೆ, ಮುಂದೆ ಥೇಮ್ಸ್ ನದಿ. 77 ಎಡೆಗಳಲ್ಲಿ ದೋಣಿಯನ್ನು ನೀರಿನಿಂದೆತ್ತಿ, ಹೊತ್ತು ಓಡಬೇಕು. 1979ರಲ್ಲಿ ಇಬ್ಬರು ಇದನ್ನು 15 ಗಂಟೆ 34 ನಿಮಿಷಗಳಲ್ಲಿ ಮುಗಿಸಿದರು. ಅವರಿಗೆ ನಮ್ಮ ನಮಸ್ಕಾರ. ಯಾವ ಲಾಭವೂ ಇಲ್ಲದೆ ಇಷ್ಟು ಬೆವರು ಸುರಿಸುವುದೂ, ಯಾವ ಲಾಭವೂ ಇಲ್ಲದೆ ಸುಮ್ಮನೆ ತೇಲುವುದೂ ಸೋದರರೇ ಸರಿ.

ಪಂದ್ಯ ಹುಟ್ಟಿದ ಆ ಕಾಲದಲ್ಲಿ ಕಾಲುವೆ ಸಾಯುತ್ತಿತ್ತೆಂಬುದು ಗಮನಿಸತಕ್ಕ ಸಂಗತಿ. 1852ರಲ್ಲಿಯೇ ಅದು ರೈಲು ಕಂಪನಿಯೊಂದರ ಕೈಸೇರಿತ್ತು. ಸರಕು ರೈಲಿನ ಪಾಲಾಗಿತ್ತು. 1950ರ ಬಳಿಕ ಲಾಕುಗಳು ಕೆಟ್ಟು, ತುದಿಯಿಂದ ತುದಿಗೆ ದೋಣಿ ಹೋಗುವುದು ನಿಂತಿತು. ಕೆಲಸ ತಪ್ಪಿದ ಕಾಲುವೆಯಿಂದ ಏನು ಪ್ರಯೋಜನ, ಮುಚ್ಚಿಬಿಡೋಣವೆಂಬ ಮಾತು ಎದ್ದಿತು. 1956ರಲ್ಲಿ ಸಾವಿರಾರು ಜನರ ಸಹಿಯುಳ್ಳ ಬಿನ್ನವತ್ತಳೆ ರಾಣಿಯ ಕಡೆಗೆ ಹೋಯಿತು. ಆಮೇಲೆ ದಶಕಗಳ ಕಾಲ ಸಾಮಾನ್ಯ ಜನರು ರಜಾದಿನಗಳಲ್ಲಿ ಬಂದು ಕೆಸರೆತ್ತಿದರು, ಇಟ್ಟಿಗೆ ಕಟ್ಟಿದರು, ಹಣ ಕೂಡಿಸಿದರು. 1990ರ ಆಗಸ್ಟ್ 8ರಂದು ಎರಡನೆಯ ಎಲಿಜಬೆತ್ ರಾಣಿ ಅದನ್ನು ಮತ್ತೆ ತೆರೆದರು. ವ್ಯಾಪಾರವು ಕೈಬಿಟ್ಟುದನ್ನು ವಿನೋದವು ಎತ್ತಿಕೊಂಡು ಸಾಕಿತು.

ಉದ್ಯೋಗ ಮುಗಿದವನಿಂದ ಏನು ಪ್ರಯೋಜನ ಎಂಬ ಪ್ರಶ್ನೆ 60 ದಾಟಿದ ನಮ್ಮಂಥವರನ್ನು ಬೆಳಗಿನ ಜಾವದಲ್ಲಿ ಎಬ್ಬಿಸುವುದುಂಟು. ಮನೆಯ ಕಿರಿಯರು ಅದನ್ನು ಬಾಯಿಬಿಟ್ಟು ಕೇಳರು, ಆದರೆ ಬೀದಿಯಲ್ಲಿ ಆಡುವ ಮಗುವನ್ನು “ಇದರಿಂದ ನಿನಗೇನು ಬರುತ್ತದೆ?” ಎಂದು ಗದರಿಸಿದಾಗ ಕೇಳಿದಂತೆಯೇ ಆಯಿತು. ಪ್ರಯೋಜನವೊಂದೇ ಅಳತೆಗೋಲಾದ ಮನೆಯಲ್ಲಿ ಮಗುವಿಗೂ ಮುದುಕನಿಗೂ ಜಾಗ ಕಿರಿದಾಗುತ್ತದೆ.

ಆದುದರಿಂದ ವಾಚಕ ಮಹಾಶಯರಲ್ಲಿ ನಮ್ಮದೊಂದು ಕೋರಿಕೆ. ದೋಣಿಯೂ ಬೇಡ, ಸಮುದ್ರಯಾನವೂ ಬೇಡ. ಒಂದು ಗಳಿಗೆಯೆಂದರೆ 24 ನಿಮಿಷ. ಸಂಜೆ ಅಷ್ಟು ಹೊತ್ತು ಮನೆಮಂದಿಯೆಲ್ಲ ಜಗಲಿಯಲ್ಲಿ ಕುಳಿತುಕೊಳ್ಳಲಿ. ಚೌಕಾಬಾರ ಆಡುವವರು ಆಡಲಿ, ಸುಮ್ಮನಿರುವವರು ಸುಮ್ಮನಿರಲಿ. ಮನೆಯಾಕೆಗೂ ಆ ಹೊತ್ತು ಒಲೆಯಿಂದ ಬಿಡುಗಡೆ ಇರಲಿ. ಅವರಿಗಿಲ್ಲದ ವಿರಾಮ ಮನೆಗೆ ವಿರಾಮವಲ್ಲ.