ಮಗಳ ಪಾಲು ದಾನವಲ್ಲ

ಬಸವಕಲ್ಯಾಣದ ಮಗ್ಗುಲಿನ ನಾರಾಯಣಪುರವಿರಲಿ, ಹುಮನಾಬಾದ್ ಕಡೆಯ ಹಳ್ಳಿಗಳಿರಲಿ, ಪಿತ್ರಾರ್ಜಿತ ಹೊಲಕ್ಕಾಗಿ ದಾವೆ ಹೂಡುವ ಹೆಣ್ಣುಮಗಳ ಮೇಲೆ ಬರುವ ಆರೋಪ ಒಂದೇ: ತವರುಮನೆ ಒಡೆದಳು. ಇದು ಶುದ್ಧ ಸುಳ್ಳು. ಅವಳ ಹೆಸರು ಬಿಟ್ಟು ಪಹಣಿ ಮಾಡಿಸಿಕೊಂಡ ದಿನವೇ ಆ ಮನೆ ಒಡೆದಿರುತ್ತದೆ.

ಹೆಣ್ಣಿಗೆ ಹೊಲ ಕೊಡುವ ಪದ್ಧತಿಯೇ ಇಲ್ಲ ಎನ್ನುವವರಿಗೆ ಪದ್ಧತಿಯೂ ಗೊತ್ತಿಲ್ಲ. ಗಂಡುಮಕ್ಕಳಿಗೆ ಹುಟ್ಟಿನಿಂದಲೇ ಹಕ್ಕೆಂದು ಸಾರಿದ ಮಿತಾಕ್ಷರ ಹುಟ್ಟಿದ್ದು ಇದೇ ಕಲ್ಯಾಣದಲ್ಲಿ, ಆರನೆಯ ವಿಕ್ರಮಾದಿತ್ಯನ ಆಳ್ವಿಕೆಯಲ್ಲಿ. ಅದನ್ನು ಬರೆದ ವಿಜ್ಞಾನೇಶ್ವರನೇ ಮದುವೆಯಾಗದ ಮಗಳಿಗೆ, ಅವಳು ಗಂಡಾಗಿದ್ದರೆ ಬರುತ್ತಿದ್ದ ಪಾಲಿನ ಕಾಲುಭಾಗ ಸಲ್ಲಬೇಕೆಂದ. ಅದು ಬರಿಯ ಮದುವೆ ಖರ್ಚಲ್ಲ, ಆಸ್ತಿಯ ಪಾಲೇ ಎಂದು ವಾದಿಸಿದ. 900 ವರ್ಷಗಳ ಹಿಂದಿನ ಧರ್ಮಶಾಸ್ತ್ರಿ ಒಪ್ಪಿದಷ್ಟನ್ನೂ ಇಂದಿನ ಅಣ್ಣತಮ್ಮಂದಿರು ಒಪ್ಪುತ್ತಿಲ್ಲ.

ಕಾನೂನಿನಲ್ಲೂ ಈಗ ಗೊಂದಲವಿಲ್ಲ. ಕರ್ನಾಟಕ 1994ರ ಜುಲೈ 30ರಿಂದಲೇ ಮಗಳಿಗೆ ಸಮಪಾಲು ಕೊಟ್ಟಿತು. ಆದರೆ ಅದಕ್ಕೂ ಮೊದಲು ಮದುವೆಯಾದವರನ್ನು ಹೊರಗಿಟ್ಟಿತು. 2005ರ ಸೆಪ್ಟೆಂಬರ್ 9ರಂದು ಜಾರಿಗೆ ಬಂದ ಕೇಂದ್ರದ ತಿದ್ದುಪಡಿ ಆ ಗೋಡೆಯನ್ನೂ ಕೆಡವಿತು. ಅಂದು ತಂದೆ ಬದುಕಿರಬೇಕಿತ್ತೇ ಎಂಬ ತಕರಾರಿಗೆ 2020ರ ಆಗಸ್ಟ್ 11ರಂದು ವಿನೀತಾ ಶರ್ಮಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ತೆರೆ ಎಳೆಯಿತು: ಮಗಳ ಹಕ್ಕು ಹುಟ್ಟಿನಿಂದ ಬಂದದ್ದು, ತಂದೆ ಬದುಕಿರಬೇಕಿಲ್ಲ. 2004ರ ಡಿಸೆಂಬರ್ 20ಕ್ಕೂ ಮೊದಲೇ ಪಾಲಾಗಿದೆ ಎನ್ನುವವರು ನೋಂದಾಯಿತ ಪತ್ರವನ್ನೋ ಕೋರ್ಟಿನ ಡಿಕ್ರಿಯನ್ನೋ ತೋರಿಸಬೇಕು. ಬಾಯಿಮಾತಿನ ಪಾಲನ್ನು ಕೋರ್ಟು ಸುಲಭಕ್ಕೆ ನಂಬುವುದಿಲ್ಲ.

ಆದರೂ ಹಕ್ಕು ಕೈತಪ್ಪುವುದು ತಂದೆ ತೀರಿಕೊಂಡ ಮೇಲಿನ ಕಾಗದಪತ್ರಗಳಲ್ಲಿ. ಪೌತಿ ಖಾತೆಗೆ ಕೊಡುವ ವಂಶವೃಕ್ಷದಲ್ಲಿ ಹೆಣ್ಣುಮಕ್ಕಳ ಹೆಸರೇ ಇರುವುದಿಲ್ಲ. ಇದ್ದರೆ, ಹಬ್ಬಕ್ಕೆ ಕರೆಯುವುದಿಲ್ಲ, ಕಷ್ಟಕ್ಕೆ ಬರುವುದಿಲ್ಲ ಎಂಬ ಬೆದರಿಕೆಯಡಿ ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಬೀಳುತ್ತದೆ. ಪತ್ರ ಒಮ್ಮೆ ನೋಂದಣಿಯಾಯಿತೆಂದರೆ, ಒತ್ತಾಯ ಅಥವಾ ಮೋಸ ನಡೆದಿದೆಯೆಂದು ಸಾಬೀತು ಮಾಡುವ ಭಾರ ಅವಳದೇ. ರದ್ದತಿಯ ದಾವೆಗೆ ಇರುವ ಕಾಲಮಿತಿ ಮೂರೇ ವರ್ಷ. ತವರಿನ ಮೇಲಿನ ಪ್ರೀತಿಯನ್ನೇ ಒತ್ತೆಯಿಟ್ಟುಕೊಂಡು ಬರೆಸಿಕೊಂಡ ಈ ಪತ್ರವನ್ನು ಸ್ವಂತ ಇಚ್ಛೆಯ ತ್ಯಾಗ ಎನ್ನುವುದು ಅನ್ಯಾಯ. ಮದುವೆಗೆ ಖರ್ಚು ಮಾಡಿದೆವು, ವರದಕ್ಷಿಣೆ ಕೊಟ್ಟೆವು ಎಂಬ ವಾದ ಇನ್ನೂ ಕೀಳು. ವರದಕ್ಷಿಣೆ ಕೊಡುವುದೂ 1961ರಿಂದ ಅಪರಾಧ. ಅಪರಾಧದ ಲೆಕ್ಕ ತೋರಿಸಿ ಹಕ್ಕನ್ನು ವಜಾ ಮಾಡಲಾಗದು.

ಪಾಲಿಗಾಗಿ ಕೋರ್ಟಿನಲ್ಲಿ ಹೋರಾಡುವವಳನ್ನು ವ್ಯವಸ್ಥೆಯೂ ದಣಿಸುತ್ತದೆ. ಕರ್ನಾಟಕದ್ದೇ ಆದ ದಾನಮ್ಮ ಪ್ರಕರಣದಲ್ಲಿ ದಾವೆ ಶುರುವಾದದ್ದು 2002ರಲ್ಲಿ. ಇಬ್ಬರು ಹೆಣ್ಣುಮಕ್ಕಳಿಗೆ ತಲಾ ಐದನೆಯ ಒಂದು ಪಾಲೆಂದು ಸುಪ್ರೀಂ ಕೋರ್ಟ್ ಹೇಳಿದ್ದು 2018ರಲ್ಲಿ. ಪಾಲೆಷ್ಟೆಂದು ಹೇಳುವುದು ಪ್ರಾಥಮಿಕ ಡಿಕ್ರಿ ಮಾತ್ರ. ಆಮೇಲೆ ಅಂತಿಮ ಡಿಕ್ರಿ, ಜಿಲ್ಲಾಧಿಕಾರಿಗೆ ಕಡತ, ಸರ್ವೆಯವರ ಅಳತೆ, ಹೊಲ ಬೇರ್ಪಡಿಸುವ ಪೋಡಿ. ಅಷ್ಟೂ ವರ್ಷ ತೊಗರಿ, ಸೋಯಾ ರಾಶಿ ಮಾಡಿಕೊಳ್ಳುವವರು ಅಣ್ಣತಮ್ಮಂದಿರೇ. ವಿಳಂಬದ ಲಾಭ ಯಾವಾಗಲೂ ಹೊಲ ಕೈಯಲ್ಲಿದ್ದವನಿಗೆ.

ಆದ್ದರಿಂದ ಬುದ್ಧಿವಾದ ಬೇಕಿರುವುದು ಹೆಣ್ಣುಮಕ್ಕಳಿಗಲ್ಲ. ಎಲ್ಲ ಮಕ್ಕಳ ಹೆಸರಿಲ್ಲದ ವಂಶವೃಕ್ಷವನ್ನು ಕಂದಾಯ ಇಲಾಖೆ ತಿರಸ್ಕರಿಸಬೇಕು. ಪೌತಿ ಖಾತೆಯ ನೋಟಿಸು ಪ್ರತಿ ಮಗಳ ಕೈಗೇ ತಲುಪಬೇಕು. ಬಿಡುಗಡೆ ಪತ್ರ ನೋಂದಾಯಿಸುವ ಮುನ್ನ ಉಪನೋಂದಣಾಧಿಕಾರಿ ಅವಳೊಬ್ಬಳನ್ನೇ ಕೂರಿಸಿ ಅವಳ ಪಾಲೆಷ್ಟೆಂದು ತಿಳಿಸಬೇಕು. ಪಹಣಿಯಲ್ಲಿ ಮೊದಲೇ ಹೆಸರಿದ್ದವಳಿಗೆ ಕೋರ್ಟಿನ ಮೆಟ್ಟಿಲು ಹತ್ತುವ ಅಗತ್ಯವೇ ಬರುವುದಿಲ್ಲ.