ಎರಡನೇ ಟೀವಿಗೆ ಎಷ್ಟು, ಸ್ವಾಮಿ?

2025ರ ಸೆಪ್ಟೆಂಬರ್ 22ರಿಂದ 32 ಇಂಚು ಮೀರಿದ ಟೀವಿಗಳ ಮೇಲಿನ ಜಿಎಸ್‌ಟಿ ಶೇಕಡ 28ರಿಂದ 18ಕ್ಕೆ ಇಳಿಯಿತು. ದಸರಾ ಹೊತ್ತಿಗೆ ಸರಿಯಾಗಿ ಬಂದ ಈ ಇಳಿಕೆಯನ್ನು ನೆಚ್ಚಿ ಹಜಾರಕ್ಕೆ ದೊಡ್ಡ ಟೀವಿ ತಂದ ಮನೆಗಳಲ್ಲೆಲ್ಲ ಒಂದೇ ಪ್ರಶ್ನೆ: ಹಳೇದನ್ನು ಏನು ಮಾಡೋದು? ಗುಜರಿಗೆ ಹಾಕಲು ಮನಸ್ಸು ಬಾರದು. ಹೀಗಾಗಿ ಅದು ಅಜ್ಜಿಯ ಕೋಣೆ ಸೇರುತ್ತದೆ. ಅದರ ಬೆನ್ನಿಗೇ ತಿಂಗಳ ಖರ್ಚೂ ಒಳಗೆ ಬರುತ್ತದೆ.

ಮೊದಲು ನಡೆಯುವುದು ಮನೆಯವರ ಸ್ವಂತ ಇಂಜಿನಿಯರಿಂಗ್. ಇರುವ ಬಾಕ್ಸಿನಿಂದಲೇ ಇನ್ನೊಂದು ವೈರ್ ಎಳೆದರೆ ಆಯ್ತಲ್ಲ ಅಂತ. ವೈರ್ ಎಳೆಯಬಹುದು, ಚಿತ್ರವೂ ಬರುತ್ತದೆ. ಆದರೆ ಹಜಾರದಲ್ಲಿ ಕ್ರಿಕೆಟ್ ಹಾಕಿದರೆ ಅಜ್ಜಿಯ ಕೋಣೆಯಲ್ಲೂ ಕ್ರಿಕೆಟ್ಟೇ. ಬಾಕ್ಸು ಒಂದು ಸಲಕ್ಕೆ ಬಿಡಿಸಿ ಕೊಡುವುದು ಒಂದೇ ಚಾನೆಲ್. ಬೇರೆ ನೋಡಬೇಕೆಂದರೆ ಬೇರೆ ಬಾಕ್ಸ್ ಬೇಕು. ಡಿಶ್ ಒಂದೇ ಸಾಕು, ಅದರ ಮೂತಿಯಲ್ಲಿರುವ ಎಲ್‌ಎನ್‌ಬಿ ಮಾತ್ರ ಎರಡು ವೈರ್ ಕೊಡುವಂಥದ್ದಾಗಿರಬೇಕು. ಇದು ಒಂದು ಸಲದ ಖರ್ಚು, ಹೋಗಲಿ. ಜೇಬು ಕೊರೆಯುವುದು ತಿಂಗಳ ಲೆಕ್ಕ.

ಆ ಲೆಕ್ಕದಲ್ಲಿ ಎರಡು ಭಾಗ. ಒಂದು, ಚಾನೆಲ್‌ಗಳನ್ನು ಮನೆಗೆ ಮುಟ್ಟಿಸುವ ಕೂಲಿ. ಕಂಪೆನಿಯವರ ಬಾಯಲ್ಲಿ ಇದು ಎನ್‌ಸಿಎಫ್. ಇನ್ನೊಂದು, ಹಣ ಕೊಟ್ಟು ನೋಡುವ ಚಾನೆಲ್‌ಗಳ ಬೆಲೆ. ಎರಡರ ಮೇಲೂ ಶೇಕಡ 18 ಜಿಎಸ್‌ಟಿ.

2019ರ ಫೆಬ್ರವರಿಯಲ್ಲಿ ಟ್ರಾಯ್‌ನ ಹೊಸ ದರಪದ್ಧತಿ ಜಾರಿಗೆ ಬಂದಾಗ 100 ಚಾನೆಲ್‌ಗೆ ಈ ಕೂಲಿ ಗರಿಷ್ಠ 130 ರೂಪಾಯಿ. ಎರಡನೇ ಟೀವಿಗೆ ರಿಯಾಯಿತಿ ಕೊಡುವುದು ಬಿಡುವುದು ಕಂಪೆನಿಯ ಮರ್ಜಿ. ಜನ ಗೊಣಗಿದರು. 2020ರ ಜನವರಿ 1ರ ತಿದ್ದುಪಡಿಯಲ್ಲಿ ಟ್ರಾಯ್ 130 ರೂಪಾಯಿಗೆ 200 ಚಾನೆಲ್ ಎಂದಿತು. ಎರಡನೇ ಟೀವಿಗೆ ಮೊದಲನೆಯದರ ಶೇಕಡ 40 ಮೀರಬಾರದು ಎಂದೂ ಕಟ್ಟು ಹಾಕಿತು. ತೆರಿಗೆ ಸೇರಿ ಮೊದಲ ಟೀವಿಗೆ 153.40, ಎರಡನೆಯದಕ್ಕೆ 61.36. ತಿಂಗಳಿಗೆ 92 ರೂಪಾಯಿ ಉಳಿತಾಯ, ವರ್ಷಕ್ಕೆ 1,100ರ ಮೇಲೆ. ಒಂದು ಮೂಟೆ ಅಕ್ಕಿಯ ಮಾತು.

ಆ ಕಾಲ ಮುಗಿಯಿತು. 2024ರ ಜುಲೈನಲ್ಲಿ ಟ್ರಾಯ್ ಕೂಲಿಯ ಗರಿಷ್ಠ ಮಿತಿಯನ್ನೇ ಎತ್ತಿಹಾಕಿತು. ಪೈಪೋಟಿ ಇದೆ, ಮಾರುಕಟ್ಟೆ ನೋಡಿಕೊಳ್ಳುತ್ತದೆ ಎಂಬ ನಂಬಿಕೆ. ಊರಿಗೊಂದು, ಗಿರಾಕಿಗೊಂದು ದರ ಇಡಲೂ ಕಂಪೆನಿಗೆ ಅವಕಾಶ ಉಂಟು. ದರವನ್ನು ಬಹಿರಂಗವಾಗಿ ಪ್ರಕಟಿಸಬೇಕು, ಅಷ್ಟೆ. ಪೈಪೋಟಿ ಅಂದರೆ ಎಷ್ಟು ಮಂದಿ? ಟಾಟಾ ಪ್ಲೇ, ಏರ್‌ಟೆಲ್, ಸನ್ ಡೈರೆಕ್ಟ್, ಮತ್ತೆ ಡಿಶ್ ಟೀವಿ. ಡಿಟುಎಚ್ ಹೆಸರು ಬೇರೆಯಾದರೂ ಡಿಶ್ ಟೀವಿಯದೇ. ನಾಲ್ಕು ಜನರ ಸಂತೆ! ಅದೂ ಒಬ್ಬರ ಬಾಕ್ಸು ಇನ್ನೊಬ್ಬರಿಗೆ ಸಾಮಾನ್ಯವಾಗಿ ಆಗಿಬರದು.

ಹೀಗಾಗಿ ಹಳೆಯ 52 ರೂಪಾಯಿಯ ಲೆಕ್ಕ ಹಿಡಿದು ಅಂಗಡಿಯಲ್ಲಿ ಜಗಳಕ್ಕೆ ನಿಂತರೆ ಗೆಲ್ಲುವ ಖಾತ್ರಿಯಿಲ್ಲ. ಎರಡನೇ ಟೀವಿಯ ದರ ಎಷ್ಟು, ತೆರಿಗೆ ಸೇರಿಯೋ ಬಿಟ್ಟೋ, ಎಷ್ಟು ತಿಂಗಳಿಗೆ ಅಂತ ಬಾಕ್ಸ್ ಕೂರಿಸುವ ಮೊದಲೇ ಬಾಯಿಬಿಟ್ಟು ಕೇಳಬೇಕು.

ಹೆಸರಿನ ವಿಚಾರದಲ್ಲೂ ಎಡವುವವರಿದ್ದಾರೆ. 2020ರ ಆದೇಶದಲ್ಲಿ ರಿಯಾಯಿತಿ ಇದ್ದದ್ದು ಒಬ್ಬರದೇ ಹೆಸರಿನಲ್ಲಿ ಒಂದಕ್ಕಿಂತ ಹೆಚ್ಚು ಸಂಪರ್ಕವಿರುವ ಮನೆಗೆ. ಅಣ್ಣನ ಹೆಸರಲ್ಲೊಂದು, ತಮ್ಮನ ಹೆಸರಲ್ಲೊಂದು ಬರೆಸಿದರೆ ಒಂದೇ ಸೂರಿನಡಿ ಇದ್ದರೂ ಕಂಪೆನಿಯ ಪುಸ್ತಕದಲ್ಲಿ ಎರಡು ಗಿರಾಕಿ. ಅಂಗಡಿಯ ಗಲ್ಲದ ಮೇಲಿನ ಟೀವಿಯನ್ನು ಮನೆಯ ಎರಡನೇ ಟೀವಿ ಅಂತ ತೋರಿಸುವುದೂ ನಡೆಯದು.

ನಿಜವಾದ ಸೋರಿಕೆ ಇರುವುದು ಚಾನೆಲ್‌ಗಳ ಬೆಲೆಯಲ್ಲಿ. ಶೇಕಡ 40ರ ಕಟ್ಟು ಕೂಲಿಗೆ ಇತ್ತೇ ಹೊರತು ಇದಕ್ಕೆ ಯಾವತ್ತೂ ಇರಲಿಲ್ಲ. 19 ರೂಪಾಯಿಯ ಚಾನೆಲ್ ಎರಡು ಟೀವಿಯಲ್ಲಿ ಬಂದರೆ 38. ‘ಅಲ್ಲಿದ್ದದ್ದೇ ಇಲ್ಲಿಗೂ ಹಾಕ್ರಿ’ ಅಂದುಬಿಟ್ಟರೆ ಕ್ರೀಡೆ, ಇಂಗ್ಲಿಷ್ ಸಿನಿಮಾ, ಮಕ್ಕಳ ಕಾರ್ಟೂನ್ ಎಲ್ಲಕ್ಕೂ ಅಜ್ಜಿಯ ಕೋಣೆಯಲ್ಲಿ ಮತ್ತೊಮ್ಮೆ ದುಡ್ಡು. ಆಕೆ ನೋಡುವುದು ಮೂರು ಕನ್ನಡ ಚಾನೆಲ್. ತಲಾ 19ರಂತೆ 57, ತೆರಿಗೆ ಸೇರಿ 67 ರೂಪಾಯಿ 26 ಪೈಸೆ. ಎರಡನೇ ಬಾಕ್ಸಿಗೆ ಬೇರೆಯೇ ಪಟ್ಟಿ ಕೊಡಬಹುದು. ಕೇಳಿದವರಿಗೆ ಮಾತ್ರ ಇದು ಸಿಗುತ್ತದೆ. ತಾನಾಗಿ ಹೇಳುವಷ್ಟು ಪುರುಸೊತ್ತು ಅಂಗಡಿಯವನಿಗೂ ಇಲ್ಲ.

ತಿಂಗಳ ಕಾಟವೇ ಬೇಡವೆಂದರೆ 2004ರಿಂದ ಇರುವ ದೂರದರ್ಶನದ ಫ್ರೀ ಡಿಶ್ ಉಂಟು. ಬಾಕ್ಸು, ಡಿಶ್‌ಗೆ ಒಂದು ಸಲ ಕೊಟ್ಟರೆ ಮುಗಿಯಿತು, ರೀಚಾರ್ಜ್ ಇಲ್ಲ. ಚಂದನ ಬರುತ್ತದೆ, ಸುದ್ದಿ ಬರುತ್ತದೆ. ಹಣ ಕೊಟ್ಟು ನೋಡುವ ಧಾರಾವಾಹಿ ಚಾನೆಲ್‌ಗಳು ಅಲ್ಲಿರುವುದಿಲ್ಲ. ಅಜ್ಜಿ ಒಪ್ಪಬೇಕಷ್ಟೆ.