ಕೆರೆಯೂ ಬೇಕು, ನೀರುಗಂಟಿಯೂ ಬೇಕು

ನಮ್ಮ ಲ್ಯಾಬ್‌ನಲ್ಲಿ ಇಆರ್‌ಪಿನೆಕ್ಸ್ಟ್ ಎಂಬ ಉಚಿತ ಲೆಕ್ಕಪತ್ರ ತಂತ್ರಾಂಶವನ್ನು ಲಿನಕ್ಸ್ ಕಂಟೇನರ್‌ನಲ್ಲಿ ಹಾಕುವ ಮಾತು ನಡೆದಿದೆ. ಸಂತೋಷದ ವಿಷಯ. ಆದರೆ ಹಾಕುವ ಮೊದಲೇ ಎರಡು ಪ್ರಶ್ನೆಗಳಿಗೆ ಉತ್ತರ ಬೇಕು. ನಾವು ಬರೆದ ಲೆಕ್ಕ ಎಲ್ಲಿ ಉಳಿಯುತ್ತದೆ? ಅದನ್ನು ತಿದ್ದುವ ಹಕ್ಕು ಯಾರಿಗೆ? ಇವು ಕಂಪ್ಯೂಟರ್ ಸೈನ್ಸ್‌ನವರ ಪ್ರಶ್ನೆಗಳೆಂದು ವಾಣಿಜ್ಯ ವಿಭಾಗದ ನಾವು ಸುಮ್ಮನಿರಬಾರದು ಎಂಬುದು ನನ್ನ ಅಭಿಪ್ರಾಯ.

ಕಂಟೇನರ್ ಎಂದರೆ ಒಂದು ತಂತ್ರಾಂಶವನ್ನೂ ಅದಕ್ಕೆ ಬೇಕಾದದ್ದನ್ನೂ ಒಟ್ಟಿಗೆ ಕಟ್ಟಿಟ್ಟ ಪೆಟ್ಟಿಗೆ. ನಿಲ್ಲಿಸಿ ಮತ್ತೆ ಶುರು ಮಾಡಿದರೆ ಏನೂ ಹೋಗುವುದಿಲ್ಲ. ಆದರೆ ಹೊಸ ಆವೃತ್ತಿಗಾಗಿ ಹಳೆಯ ಕಂಟೇನರ್ ಅಳಿಸಿದರೆ ಅದರೊಳಗೆ ಬರೆದದ್ದೂ ಅಳಿಯುತ್ತದೆ. ನಮ್ಮ ಭಾಯಿಜಾನ್ ಕಲಿಯುತ್ತಿದ್ದ ಒಂದು ತರಬೇತಿ ಕೇಂದ್ರದಲ್ಲಿ ಮೂರು ವಾರದ ಲೆಕ್ಕ ಹೀಗೆಯೇ ಒಂದು ಮಧ್ಯಾಹ್ನ ಮಾಯವಾಯಿತು. ಇದನ್ನು ತಪ್ಪಿಸಲು ದತ್ತಾಂಶವನ್ನು ಕಂಟೇನರ್‌ನ ಹೊರಗೆ, ವಾಲ್ಯೂಮ್ ಎಂಬ ಬೇರೆ ಜಾಗದಲ್ಲಿ ಇಡುತ್ತಾರೆ. ಬೇತಮಂಗಲದವರಿಗೆ ಇದು ಅರ್ಥವಾಗದ ಮಾತಲ್ಲ. ಪಾಲಾರ್ ನೀರು ನಮ್ಮ ಕೆರೆಯಲ್ಲಿ ನಿಂತು, ಪೈಪಿನಲ್ಲಿ ಕೆ.ಜಿ.ಎಫ್. ಮನೆಗಳನ್ನು ತಲುಪುತ್ತಿತ್ತು. ಕೊಡ ಒಡೆದರೆ ಹೊಸ ಕೊಡ ತರಬಹುದು. ಕೆರೆ ಮಾತ್ರ ಉಳಿಯಬೇಕು.

ಕೆರೆ ಇದ್ದರೆ ಸಾಲದು. ನಮ್ಮ ಜಿಲ್ಲೆಯ ಕೆರೆಗಳಲ್ಲಿ ತೂಬು ಎತ್ತುವ ಕೆಲಸ ನೀರುಗಂಟಿಯದು. ಲಿನಕ್ಸ್‌ನಲ್ಲಿಯೂ ಪ್ರತಿ ಕಡತಕ್ಕೆ ಒಡೆಯ, ಗುಂಪು, ಉಳಿದವರು ಎಂದು ಮೂರು ಬಗೆ. ಓದಲು 4, ಬರೆಯಲು 2, ನಡೆಸಲು 1. ಒಡೆಯನನ್ನು ಅದು ಹೆಸರಿನಿಂದ ಅಲ್ಲ, ಸಂಖ್ಯೆಯಿಂದ ಗುರುತಿಸುತ್ತದೆ. ಫೋಲ್ಡರ್ 1000ನೇ ಬಳಕೆದಾರನದಾಗಿದ್ದು, ಕಂಟೇನರ್‌ನೊಳಗಿನ ತಂತ್ರಾಂಶ 999 ಆಗಿ ಓಡುತ್ತಿದ್ದರೆ ‘ಅನುಮತಿ ಇಲ್ಲ’ ಎಂಬ ಉತ್ತರ ಬರುತ್ತದೆ. ಆಗ ಹಲವರು ಬೇಸತ್ತು 777 ಎಂದು ಹಾಕಿಬಿಡುತ್ತಾರೆ. ಅಂದರೆ ಓದಲು, ತಿದ್ದಲು, ಅಳಿಸಲು ಎಲ್ಲರಿಗೂ ಹಕ್ಕು. ಇದು ಊರಿನವರೆಲ್ಲರ ಕೈಗೂ ತೂಬು ಕೊಟ್ಟಂತೆ. ಸರಿಯಾದ ದಾರಿ ಫೋಲ್ಡರಿನ ಒಡೆತನವನ್ನು 999ಕ್ಕೆ ವರ್ಗಾಯಿಸುವುದು. ಅದು ಒಂದೇ ಸಾಲಿನ ಆದೇಶ.

‘ಬರೀ ಅಭ್ಯಾಸದ ಲೆಕ್ಕ ತಾನೇ?’ ಎನ್ನಬಹುದು. ನಾವು ಕಲಿಯುವುದೇ ಅಭ್ಯಾಸದಿಂದ. 2023ರ ಏಪ್ರಿಲ್ 1ರಿಂದ ಕಂಪನಿಗಳ ಲೆಕ್ಕ ತಂತ್ರಾಂಶದಲ್ಲಿ ಪ್ರತಿ ತಿದ್ದುಪಡಿಯೂ ದಾಖಲಾಗಬೇಕು, ಆ ದಾಖಲೆಯನ್ನು ಯಾರೂ ನಿಲ್ಲಿಸುವಂತಿರಬಾರದು ಎಂಬ ನಿಯಮ ನಮ್ಮ ದೇಶದಲ್ಲಿ ಜಾರಿಯಲ್ಲಿದೆ. ನಾಳೆ ಆಡಿಟರ್ ಆಗುವವರು ಇಂದು 777 ಕಲಿಯಬಾರದು.

ಕನ್ನಡದಲ್ಲಿ ‘ಅಮಾನತು’ ಎಂದರೆ ಕೆಲಸದಿಂದ ತಾತ್ಕಾಲಿಕವಾಗಿ ದೂರವಿಡುವುದು. ನಮ್ಮ ಮನೆಯ ಉರ್ದುವಿನಲ್ಲಿ ‘ಅಮಾನತ್’ ಎಂದರೆ ನಂಬಿ ಒಪ್ಪಿಸಿದ ವಸ್ತು. ಲೆಕ್ಕದ ಪುಸ್ತಕ ಎರಡನೆಯ ಅರ್ಥದ್ದು. ಅದನ್ನು 777ಕ್ಕೆ ಬಿಟ್ಟವರಿಗೆ ಮೊದಲನೆಯ ಅರ್ಥವೂ ಸಲ್ಲುತ್ತದೆ!

ಆದ್ದರಿಂದ ಲ್ಯಾಬ್ ನೋಡಿಕೊಳ್ಳುವ ಉಪನ್ಯಾಸಕರಲ್ಲಿ ನನ್ನ ವಿನಂತಿ ಇಷ್ಟು. ದತ್ತಾಂಶಕ್ಕೆ ಬೇರೆ ವಾಲ್ಯೂಮ್ ಇರಲಿ. ಅದರ ಅನುಮತಿ 750 ಮೀರದಿರಲಿ. ಪ್ರತಿ ವಿದ್ಯಾರ್ಥಿಗೂ ಅವರದೇ ಲಾಗಿನ್ ಸಿಗಲಿ. ವಾಲ್ಯೂಮ್ ಇದ್ದ ಮಾತ್ರಕ್ಕೆ ಬ್ಯಾಕಪ್ ಇದ್ದಂತಲ್ಲ. ಡಿಸ್ಕ್ ಕೆಟ್ಟರೆ ಅದೂ ಹೋಗುತ್ತದೆ. ವಾರಕ್ಕೊಮ್ಮೆ ಬೇರೆ ಡಿಸ್ಕಿಗೆ ಪ್ರತಿ ತೆಗೆಯಲಿ. ಇದನ್ನೆಲ್ಲ ಹೊಂದಿಸುವ ದಿನ ವಾಣಿಜ್ಯ ವಿಭಾಗದ ಇಬ್ಬರನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ, ಸರ್. ನಾವು ಬರಲು ಸಿದ್ಧ.